ಕಟ್ಟೋಕೆ ದುಡ್ಡಿದೆ, ನೋಡಿಕೊಳ್ಳೋಕೆ ಇಲ್ಲ

ಕರ್ನಾಟಕದ ಯಾವುದಾದರೂ ಹಳ್ಳಿಗೆ ಹೋಗಿ ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಿದೆ ಅಂತ ಕೇಳಿ. ಬಸ್ ಸ್ಟಾಪ್ ಪಕ್ಕದಲ್ಲೋ, ಶಾಲೆ ಕಾಂಪೌಂಡ್ ಹತ್ತಿರವೋ ಇರುವ ಸಣ್ಣ ಶೆಡ್ ಒಂದನ್ನು ತೋರಿಸುತ್ತಾರೆ. ಅದು ಓಡುತ್ತಿದೆಯಾ ಅಂತ ಕೇಳಿದರೆ ಮಾತ್ರ ಒಂದೊಂದು ಊರಲ್ಲಿ ಒಂದೊಂದು ಥರ ಉತ್ತರ. ಕೆಲವು ಕಡೆ ಚೆನ್ನಾಗಿಯೇ ನಡೆಯುತ್ತಿದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. ಇನ್ನು ಬೇಕಾದಷ್ಟು ಕಡೆ ಮೋಟಾರ್ ಸುಟ್ಟಿದೆ, ಫಿಲ್ಟರ್ ಬದಲಾಯಿಸಿಲ್ಲ, ಬೋರ್ ಬತ್ತಿದೆ, ಟೆಂಡರ್ ತೆಗೆದುಕೊಂಡವನು ಫೋನ್ ಎತ್ತುತ್ತಿಲ್ಲ. ನೀರಿನಲ್ಲಿ ಫ್ಲೋರೈಡ್ ಇರುವ ಬಯಲು ಸೀಮೆಯ ಜಿಲ್ಲೆಗಳಲ್ಲಿ ಇದು ಹಲ್ಲು, ಮೂಳೆ ಉಳಿಯುವ ಪ್ರಶ್ನೆ. ಸಾವಿರಾರು ಘಟಕ ಕಟ್ಟಿದೆವು. ಕಟ್ಟಿದ ಮೇಲೆ ಅದನ್ನು ಯಾರು ನೋಡಿಕೊಳ್ಳಬೇಕು, ಯಾವ ದುಡ್ಡಿನಲ್ಲಿ ನೋಡಿಕೊಳ್ಳಬೇಕು ಅನ್ನೋದನ್ನು ಮಾತ್ರ ಸರಿಯಾಗಿ ಮಾತಾಡಿಕೊಳ್ಳಲೇ ಇಲ್ಲ.

ಸುಸ್ಥಿರ ಅಭಿವೃದ್ಧಿ ಅಂದಾಗ ಹೆಚ್ಚಿನವರ ಕಣ್ಮುಂದೆ ಬರೋದು ಸೋಲಾರ್ ಪ್ಯಾನೆಲ್, ಗಿಡ ನೆಡುವ ಫೋಟೋ, ವಿಶ್ವಸಂಸ್ಥೆಯ ಗುರಿಗಳ ಬಣ್ಣಬಣ್ಣದ ಚಕ್ರ. ನನಗೆ ಈ ಬೀಗ ಹಾಕಿದ ಶೆಡ್ ನೆನಪಾಗುತ್ತದೆ. ಇವತ್ತಿನವರ ಅಗತ್ಯ ತೀರಬೇಕು, ಆದರೆ ಮುಂದೆ ಬರುವವರ ಪಾಲಿಗೆ ಕೈ ಹಾಕಬಾರದು ಅಂತ ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗ ಹೇಳಿದ್ದು 1987ರಲ್ಲಿ. ಅದನ್ನು ಹಳ್ಳಿಯ ಮಟ್ಟಕ್ಕೆ ಇಳಿಸಿದರೆ ಕೇಳಬೇಕಾದ ಪ್ರಶ್ನೆ ತುಂಬಾ ಸರಳ. ಇವತ್ತು ಹಾಕಿದ ನಲ್ಲಿಯಲ್ಲಿ ಹತ್ತು ವರ್ಷ ಆದ ಮೇಲೂ ನೀರು ಬರುತ್ತದಾ? ಬರಬೇಕಾದರೆ ಆ ಹತ್ತು ವರ್ಷವೂ ಯಾರೋ ಒಬ್ಬರು ಅದರ ಹಿಂದೆ ಇರಬೇಕು. ಮಂತ್ರಿ ಇರುವುದಿಲ್ಲ, ಇಂಜಿನಿಯರ್ ವರ್ಗ ಆಗಿ ಹೋಗಿರುತ್ತಾರೆ, ಕಂಟ್ರಾಕ್ಟರ್ ಬಿಲ್ ಮಾಡಿಸಿಕೊಂಡು ಮುಂದಿನ ಊರಿಗೆ ಹೋಗಿರುತ್ತಾರೆ. ಉಳಿಯೋದು ಗ್ರಾಮ ಪಂಚಾಯಿತಿ ಒಂದೇ.

ಹಾಗಾಗಿ ನನ್ನ ವಾದ ಇಷ್ಟೇ. ಪಂಚಾಯಿತಿಯ ನಿಜವಾದ ಕೆಲಸ ಹೊಸದನ್ನು ಕಟ್ಟುವುದಕ್ಕಿಂತ ಜಾಸ್ತಿ, ಇರುವುದನ್ನು ಕಾಯುವುದು. ಜೊತೆಗೆ, ಬೇಡವಾದದ್ದಕ್ಕೆ ಬೇಡ ಅನ್ನುವುದು. ನಮ್ಮ ಇಡೀ ವ್ಯವಸ್ಥೆ ಇದನ್ನು ತಲೆಕೆಳಗು ಮಾಡಿ ಇಟ್ಟಿದೆ. ಕಟ್ಟುವುದಕ್ಕೆ ದುಡ್ಡು ಮೇಲಿಂದ ಸುರಿಯುತ್ತದೆ, ಕಾಯುವುದಕ್ಕೆ ಪುಡಿಗಾಸು, ಬೇಡ ಅನ್ನುವುದಕ್ಕೆ ಅಧಿಕಾರವೇ ಇಲ್ಲ.

ವಾಟರ್‌ಮನ್ ವಿಷಯದಿಂದಲೇ ಶುರು ಮಾಡೋಣ. ಪಂಚಾಯಿತಿಯಲ್ಲಿ ತೀರಾ ಕೆಳಗಿನ ಕೆಲಸ ಅಂತ ಎಲ್ಲರೂ ಅಂದುಕೊಂಡಿರುವ ಕೆಲಸ ಅದು. ಬೆಳಗಿನ ಜಾವ ಕರೆಂಟು ಬಂದ ತಕ್ಷಣ ಮೋಟಾರ್ ಹಾಕಬೇಕು, ಟ್ಯಾಂಕ್ ತುಂಬಿಸಬೇಕು, ಯಾವ ಬೀದಿಗೆ ಯಾವಾಗ ವಾಲ್ವ್ ತಿರುಗಿಸಬೇಕು ಅನ್ನೋದು ನೆನಪಿರಬೇಕು. ಪೈಪ್ ಎಲ್ಲಿ ಹಾದು ಹೋಗಿದೆ ಅನ್ನೋ ನಕ್ಷೆ ಎಷ್ಟೋ ಊರುಗಳಲ್ಲಿ ಕಚೇರಿಯ ಕಡತದಲ್ಲಿಲ್ಲ, ಈತನ ತಲೆಯಲ್ಲಿದೆ. ಕೇರಿಯ ಕೊನೆಯ ಮನೆಗೆ ನೀರು ಬಂದಿದೆಯಾ ಇಲ್ಲವಾ ಅಂತ ಜಿಲ್ಲಾಧಿಕಾರಿಗಿಂತ ಮೊದಲು ಗೊತ್ತಾಗೋದು ಇವನಿಗೆ. ಬೈಸಿಕೊಳ್ಳೋದೂ ಇವನೇ. ಇಂಥ ಕೆಲಸದವರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಯುವುದು ನಮ್ಮಲ್ಲಿ ಹೊಸ ಸುದ್ದಿಯಲ್ಲ. ಪಂಚಾಯಿತಿ ನೌಕರರ ಪ್ರತಿಭಟನೆ ಅಂತ ಪೇಪರ್‌ನ ಒಳಪುಟದಲ್ಲಿ ಎರಡು ಸಾಲು ಬರುತ್ತದೆ, ನಾವು ಪುಟ ತಿರುಗಿಸುತ್ತೇವೆ.

ಜಲ ಜೀವನ್ ಮಿಷನ್ ಘೋಷಣೆ ಆಗಿದ್ದು 2019ರ ಆಗಸ್ಟ್ 15ರಂದು. ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಅನ್ನೋ ಹೆಸರಲ್ಲಿ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್, ಪ್ರತಿ ಮನೆಗೆ ನಲ್ಲಿ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಕೊಡ ಹೊತ್ತುಕೊಂಡು ಬೋರ್‌ವೆಲ್ ಹತ್ತಿರ ಸಾಲು ನಿಲ್ಲುತ್ತಿದ್ದ ಹೆಂಗಸರನ್ನು ಕೇಳಿ, ಮನೆ ಮುಂದಿನ ನಲ್ಲಿ ಅಂದರೆ ಏನು ಅಂತ ಅವರು ಹೇಳುತ್ತಾರೆ. ಆದರೆ ಈ 55 ಲೀಟರ್‌ನ ಇನ್ನೊಂದು ತುದಿಯನ್ನೂ ಸ್ವಲ್ಪ ನೋಡಿ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್. 400 ಮನೆಗಳ ಊರಿಗೆ 1 ಲಕ್ಷದ 10 ಸಾವಿರ ಲೀಟರ್. ಕುಡಿಯೋದು, ಅಡುಗೆಗೆ ಹೋಗೋದು ಸ್ವಲ್ಪ. ಮಿಕ್ಕಿದ್ದು ಬಚ್ಚಲಿನಿಂದ, ಪಾತ್ರೆ ತೊಳೆಯುವ ಕಲ್ಲಿನಿಂದ ಹೊರಗೆ ಬರುತ್ತದೆ. ಎಲ್ಲಿಗೆ ಹೋಗಬೇಕು ಅದು? ಸಿಸಿ ರಸ್ತೆ ಪಕ್ಕದ ಚರಂಡಿಗೆ. ಚರಂಡಿ ಎಲ್ಲಿಗೆ? ಊರಿನ ಕೊನೆಯ ಮನೆ ಹತ್ತಿರ ಬಂದು ನಿಂತು ಬಿಡುತ್ತದೆ, ಯಾಕೆಂದರೆ ಅಂದಾಜು ಪಟ್ಟಿಯಲ್ಲಿ ಅಲ್ಲಿವರೆಗೆ ಮಾತ್ರ ದುಡ್ಡಿತ್ತು. ಇಳಿಜಾರು ಇದ್ದರೆ ನೇರ ಕೆರೆಗೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಮನೆ ಪಕ್ಕದಲ್ಲೇ ಬಚ್ಚಲು ಗುಂಡಿ ತೋಡಿ ನೀರು ಇಂಗಿಸಬಹುದು. ನರೇಗಾದಲ್ಲಿ ಅದಕ್ಕೆ ಅವಕಾಶ ಕೊಟ್ಟರು, ನಮ್ಮ ರಾಜ್ಯದಲ್ಲಿ ಅಭಿಯಾನವನ್ನೂ ಮಾಡಿದರು. ಜಾಗ ಇರುವ ಮನೆಗಳಲ್ಲಿ ಅದು ಸೊಗಸಾಗಿ ಕೆಲಸ ಮಾಡುತ್ತದೆ, ಪಕ್ಕದಲ್ಲಿ ಒಂದು ಬಾಳೆ ಗಿಡ ಬೇರೆ ಬರುತ್ತದೆ. ಆದರೆ ಬಚ್ಚಲು ಗುಂಡಿಗೆ ಉದ್ಘಾಟನೆ ಇಲ್ಲ. ಅಮೃತಶಿಲೆಯ ಫಲಕ ಹಾಕೋಕೆ ಜಾಗ ಇಲ್ಲ. ಹಾಗಾಗಿ ಚರಂಡಿಯೇ ಗೆಲ್ಲುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಯಾವ ಕೆಲಸಕ್ಕೆ ಫಲಕ ಹಾಕಬಹುದೋ ಆ ಕೆಲಸಕ್ಕೆ ದುಡ್ಡು ಸಿಗುತ್ತದೆ ಅನ್ನೋದು ಹಳ್ಳಿ ರಾಜಕೀಯ ಹತ್ತಿರದಿಂದ ನೋಡಿದ ಯಾರಿಗಾದರೂ ಗೊತ್ತಿರುವ ಮಾತು.

ದುಡ್ಡಿನ ಲೆಕ್ಕ ಸ್ವಲ್ಪ ನೋಡೋಣ, ಬೇಜಾರು ಮಾಡಿಕೊಳ್ಳಬೇಡಿ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಅಂತ ಶಿಫಾರಸು ಮಾಡಿದ್ದು ಸುಮಾರು 2.36 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ನೂರಕ್ಕೆ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ಕಟ್ಟಿ ಹಾಕಿದರು. ಉಳಿದ 40 ಭಾಗ ಊರಿನ ಅಗತ್ಯ ನೋಡಿಕೊಂಡು ಬಳಸಬಹುದಿತ್ತು, ಆದರೆ ಸಂಬಳಕ್ಕೆ ಮತ್ತು ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಉದ್ದೇಶ ಅರ್ಥ ಆಗುತ್ತದೆ. ಬಂದ ದುಡ್ಡೆಲ್ಲ ಸಂಬಳಕ್ಕೇ ಹೋಗಬಾರದು, ಸರಿ. ಆದರೆ ನೀರು ಕೊಡುವ ಕೆಲಸದಲ್ಲಿ ಪೈಪಿಗಿಂತ ಮನುಷ್ಯ ಮುಖ್ಯ. ಪೈಪ್‌ಗೆ ದುಡ್ಡು ಇದೆ, ಪೈಪ್ ನೋಡಿಕೊಳ್ಳುವವನಿಗೆ ಪಂಚಾಯಿತಿ ಬೇರೆ ಎಲ್ಲಿಂದಲೋ ಹೊಂದಿಸಬೇಕು.

ಅದರ ಮೇಲೆ ವಿದ್ಯುತ್ ಬಿಲ್. ಕುಡಿಯುವ ನೀರಿನ ಮೋಟಾರ್‌ಗಳು, ಬೀದಿ ದೀಪಗಳು, ಎರಡರ ಬಾಕಿಯೂ ಕರೆಂಟ್ ಕೊಡುವ ಕಂಪನಿಗಳಾದ ಎಸ್ಕಾಂಗಳ ಪುಸ್ತಕದಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಬಂದಿದೆ. ಒಮ್ಮೊಮ್ಮೆ ಲೈನ್ ಕಟ್ ಮಾಡುತ್ತಾರೆ, ಊರಿನವರು ಪಂಚಾಯಿತಿ ಮುಂದೆ ಖಾಲಿ ಕೊಡ ಇಟ್ಟು ಕೂರುತ್ತಾರೆ, ಮೇಲಿಂದ ಫೋನ್ ಬರುತ್ತದೆ, ಲೈನ್ ವಾಪಸ್ ಬರುತ್ತದೆ. ಬಾಕಿ ಹಾಗೇ ಇರುತ್ತದೆ. ನೀರು ಆಳಕ್ಕೆ ಹೋದಷ್ಟೂ ದೊಡ್ಡ ಮೋಟಾರ್ ಬೇಕು, ದೊಡ್ಡ ಮೋಟಾರ್‌ಗೆ ಜಾಸ್ತಿ ಕರೆಂಟ್ ಬೇಕು. ಅಂತರ್ಜಲ ಕುಸಿತದ ಬಿಲ್ ಕೊನೆಗೆ ಬಂದು ಬೀಳೋದು ಪಂಚಾಯಿತಿ ತಲೆ ಮೇಲೆ. ವಿಚಿತ್ರ ಅಂದರೆ ಆ ಅಂತರ್ಜಲದ ಮೇಲೆ ಪಂಚಾಯಿತಿಗೆ ಯಾವ ಹಿಡಿತವೂ ಇಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದಲ್ಲಿ 1999ರಷ್ಟು ಹಿಂದೆಯೇ ಒಂದು ಕಾನೂನು ಬಂತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ, ಬೋರ್ ತೆಗೆಸುವಂತಿಲ್ಲ. 2011ರಲ್ಲಿ ಅಂತರ್ಜಲಕ್ಕೆ ಅಂತಲೇ ಇನ್ನೊಂದು ಕಾನೂನು, ಅದಕ್ಕೊಂದು ಪ್ರಾಧಿಕಾರ. ಎರಡರಲ್ಲೂ ಅಧಿಕಾರ ಇರೋದು ಅಧಿಕಾರಿಗಳ ಕೈಯಲ್ಲಿ. ರಾತ್ರಿ ಹೊತ್ತು ಬೋರ್‌ವೆಲ್ ಲಾರಿ ಊರೊಳಗೆ ಬಂದು, ಬೆಳಗಾಗುವಷ್ಟರಲ್ಲಿ ಸಾವಿರ ಅಡಿ ಕೊರೆದು ಹೋಗಿರುತ್ತದೆ. ಪಂಚಾಯಿತಿ ಬೋರ್ ಪಕ್ಕದಲ್ಲೇ ಆದರೂ ತಡೆಯುವುದು ಯಾರು? ಸದಸ್ಯನಿಗೆ ಲಾರಿ ನಿಲ್ಲಿಸುವ ಅಧಿಕಾರ ಇಲ್ಲ, ಇದ್ದರೂ ಆ ಹೊಲದವನು ಅವನಿಗೆ ದಾಯಾದಿಯೋ, ಮತ ಹಾಕಿದವನೋ ಆಗಿರುತ್ತಾನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಹೀಗಿರುವಾಗ ಯಾರು ತಾನೇ ನಿಲ್ಲಿಸುತ್ತಾರೆ? ನಾನು ಆ ರೈತನನ್ನು ಬೈಯುತ್ತಿಲ್ಲ. ಪಕ್ಕದವನು ಕೊರೆಸಿದ ಮೇಲೆ ಇವನು ಸುಮ್ನೆ ಕೂತರೆ ಇವನ ತೋಟ ಒಣಗುತ್ತದೆ, ಅಷ್ಟೇ. ಒಬ್ಬೊಬ್ಬರೇ ನಿರ್ಧಾರ ಮಾಡುವವರೆಗೂ ಇದು ನಿಲ್ಲೋದಿಲ್ಲ. ಊರು ಒಟ್ಟಿಗೆ ಕೂತು ನಿರ್ಧಾರ ಮಾಡಬೇಕು. ಊರು ಒಟ್ಟಿಗೆ ಕೂರುವುದಕ್ಕೆ ಕಾನೂನಿನಲ್ಲಿ ಇರುವ ಜಾಗ ಗ್ರಾಮ ಸಭೆ.

ಮಹಾರಾಷ್ಟ್ರದ ಹಿವರೆ ಬಜಾರ್ ಮಾಡಿದ್ದು ಅದನ್ನೇ. ಮಳೆ ಕಡಿಮೆ ಬೀಳುವ, ಜನ ಗುಳೆ ಹೋಗುತ್ತಿದ್ದ ಊರು. ಪೋಪಟ್‌ರಾವ್ ಪವಾರ್ ಸರಪಂಚ್ ಆದ ಮೇಲೆ, 90ರ ದಶಕದಲ್ಲಿ, ಇಂಗು ಗುಂಡಿ, ಬದು, ಒಡ್ಡು ಎಲ್ಲ ಮಾಡಿದರು. ಅದನ್ನು ಬೇರೆ ಊರುಗಳೂ ಮಾಡಿವೆ. ಹಿವರೆ ಬಜಾರ್ ಬೇರೆಯಾಗಿದ್ದು ಆಮೇಲೆ. ಬೇಸಾಯಕ್ಕೆ ಬೋರ್‌ವೆಲ್ ಬೇಡ ಅಂದರು. ಕಬ್ಬು, ಬಾಳೆಯಂಥ ನೀರು ಕುಡಿಯುವ ಬೆಳೆ ಬೇಡ ಅಂದರು. ಮರ ಕಡಿಯುವುದು, ಬೇಕಾಬಿಟ್ಟಿ ಮೇಯಿಸುವುದು ಬೇಡ ಅಂದರು. ಪ್ರತಿ ವರ್ಷ ಮಳೆ ಎಷ್ಟಾಯಿತು ಅಂತ ಅಳೆದು, ಇರುವ ನೀರಿಗೆ ಬಜೆಟ್ ಹಾಕಿ, ಈ ವರ್ಷ ಏನು ಬೆಳೆಯಬಹುದು ಅಂತ ಗ್ರಾಮ ಸಭೆಯಲ್ಲಿ ಮಾತಾಡಿಕೊಂಡರು. 2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಬಂತು. ನಮ್ಮ ಕಡೆಯಿಂದ ಬಸ್ ಮಾಡಿಕೊಂಡು ಅಧ್ಯಯನ ಪ್ರವಾಸ ಅಂತ ಅಲ್ಲಿಗೆ ಹೋಗುತ್ತಾರೆ, ಒಡ್ಡುಗಳ ಫೋಟೋ ತೆಗೆದುಕೊಂಡು ಬರುತ್ತಾರೆ. ಬೇಡ ಅಂದಿದ್ದನ್ನು ಫೋಟೋ ತೆಗೆಯೋಕೆ ಆಗಲ್ಲ, ಅಲ್ವಾ?

ಪಂಚಾಯಿತಿ ದೊಡ್ಡವರಿಗೂ ಬೇಡ ಅಂದದ್ದುಂಟು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಾಡದಲ್ಲಿ ಕೋಕಾ ಕೋಲಾ ಕಾರ್ಖಾನೆ 2000ರಲ್ಲಿ ಶುರುವಾಯಿತು. ಸುತ್ತಲಿನ ಬಾವಿಗಳ ನೀರು ಕಡಿಮೆಯಾಯಿತು, ಕೆಟ್ಟಿತು ಅಂತ ಅಲ್ಲಿನ ಆದಿವಾಸಿ ಹೆಂಗಸರು ಧರಣಿ ಕೂತರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಕಾರ್ಖಾನೆಯ ಲೈಸೆನ್ಸ್ ನವೀಕರಿಸೋದಿಲ್ಲ ಅಂತ ನಿರ್ಧಾರ ಮಾಡಿತು. ಹೈಕೋರ್ಟಿನ ಏಕಸದಸ್ಯ ಪೀಠ, ಅಂತರ್ಜಲ ಎಲ್ಲರ ಸ್ವತ್ತು ಅಂತ ಪಂಚಾಯಿತಿ ಪರವಾಗಿ ಮಾತಾಡಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿ, ದಿನಕ್ಕೆ 5 ಲಕ್ಷ ಲೀಟರ್‌ವರೆಗೆ ನೀರೆತ್ತಬಹುದು ಅಂದಿತು. ಅಷ್ಟರಲ್ಲಿ, 2004ರ ಮಾರ್ಚ್‌ನಲ್ಲೇ ಕಾರ್ಖಾನೆ ನಿಂತಿತ್ತು, ಮತ್ತೆ ಶುರುವಾಗಲಿಲ್ಲ. ಇದರಲ್ಲಿ ನನಗೆ ಮುಖ್ಯ ಅನಿಸೋದು ಗೆಲುವಿಗಿಂತ, ಪಂಚಾಯಿತಿಯ ಮಾತಿಗೆ ಕಾನೂನಿನಲ್ಲಿ ಎಷ್ಟು ತೂಕ ಅನ್ನೋದು ಆ ಕೋರ್ಟಿನಿಂದ ಈ ಕೋರ್ಟಿಗೆ ಬದಲಾಗುತ್ತಾ ಹೋಗಿದ್ದು. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ 12 ಗ್ರಾಮ ಸಭೆಗಳು ಬಾಕ್ಸೈಟ್ ಗಣಿ ಬೇಡ ಅಂದಾಗ ಅದು ನಿಂತಿತು, ಯಾಕೆಂದರೆ ಅಲ್ಲಿ ಅರಣ್ಯ ಹಕ್ಕು ಕಾಯ್ದೆ ಇತ್ತು, ಸುಪ್ರೀಂ ಕೋರ್ಟೇ ಗ್ರಾಮ ಸಭೆಯನ್ನು ಕೇಳಿ ಅಂತ ಹೇಳಿತ್ತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದೂ ಅದೇ ಕಾಯ್ದೆಯಿಂದ, ಅದೇ ಗ್ರಾಮ ಸಭೆಯ ಮೂಲಕ. ಬಯಲಿನ ಸಾಮಾನ್ಯ ಹಳ್ಳಿಯ ಗ್ರಾಮ ಸಭೆಗೆ ಇಂಥ ಹಲ್ಲಿಲ್ಲ. ಕ್ವಾರಿಗೆ ಲೈಸೆನ್ಸ್ ಕೊಡೋದು ಗಣಿ ಇಲಾಖೆ. ಧೂಳು ಕುಡಿಯೋದು ಊರು.

ಕೆರೆಯ ಕಥೆಯೂ ಹೀಗೇ. ಅಚ್ಚುಕಟ್ಟು, ಅಂದರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆಗೆ, ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಗೆ. ಜಮೀನಿನ ದಾಖಲೆ, ಒತ್ತುವರಿ ಕಂದಾಯ ಇಲಾಖೆಗೆ. ಏರಿ ಮೇಲಿನ ಮರಕ್ಕೆ ಅರಣ್ಯ ಇಲಾಖೆಯವರನ್ನು ಕೇಳಬೇಕು. ಮೀನಿನ ಹರಾಜು ಇನ್ನೊಬ್ಬರದ್ದು. ಮಳೆಗಾಲಕ್ಕೆ ಮುಂಚೆ ಕಾಲುವೆಯಲ್ಲಿ ಬೆಳೆದ ಜಾಲಿ ಕಿತ್ತು, ತೂಬು ಬಿಗಿಯಾಗಿದೆಯಾ, ಕೋಡಿಯಲ್ಲಿ ಕಲ್ಲು ಜಾರಿದೆಯಾ ಅಂತ ನೋಡೋದು ಯಾರದ್ದು? ಯಾರದ್ದೂ ಅಲ್ಲ. ಹಿಂದೆ ಅದಕ್ಕೆ ನೀರಗಂಟಿ ಇದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುವುದು ಅವರ ಕೆಲಸ, ಸುಗ್ಗಿಯಲ್ಲಿ ಅವರಿಗೆ ಕಾಳು. ಬೇಸಿಗೆಯಲ್ಲಿ ರೈತರೇ ಹೂಳು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಇದನ್ನು ಹೇಳುವಾಗ ತುಂಬಾ ಜನ ಕಣ್ಣು ತುಂಬಿಕೊಳ್ಳುತ್ತಾರೆ, ನಾನು ಅಷ್ಟು ದೂರ ಹೋಗಲ್ಲ. ನೀರಗಂಟಿ ಕೆಲಸ ಅಪ್ಪನಿಂದ ಮಗನಿಗೆ ಬರುತ್ತಿದ್ದದ್ದು, ಬಹಳ ಕಡೆ ಅದನ್ನು ಮಾಡುತ್ತಿದ್ದದ್ದು ದಲಿತರು, ಅವರು ಹಂಚಿದ ನೀರು ಹೋಗುತ್ತಿದ್ದದ್ದು ಹೆಚ್ಚಾಗಿ ಬೇರೆಯವರ ಗದ್ದೆಗೆ. ಆ ಜಾತಿ ಕಟ್ಟು ವಾಪಸ್ ಬೇಕಾಗಿಲ್ಲ. ಆದರೆ ಆ ಕೆಲಸ ಬೇಕು. ಸರಿಯಾದ ಸಂಬಳ, ಯೂನಿಫಾರ್ಮ್, ಪಿಎಫ್ ಕೊಟ್ಟು ಪ್ರತಿ ಪಂಚಾಯಿತಿಯಲ್ಲಿ ಕೆರೆ ನೋಡಿಕೊಳ್ಳುವ ಒಬ್ಬ ನೌಕರರನ್ನು ಇಡಬಾರದೇಕೆ? ಕೆರೆ ಪುನಶ್ಚೇತನ ಅಂತ ಕೋಟಿಗಟ್ಟಲೆ ಖರ್ಚು ಮಾಡಿ, ಮೂರು ವರ್ಷ ಬಿಟ್ಟು ಮತ್ತೆ ಅದೇ ಕೆರೆಗೆ ಜೆಸಿಬಿ ಇಳಿಸುವುದಕ್ಕಿಂತ ಅಗ್ಗ ಅದು.

ಕರ್ನಾಟಕಕ್ಕೆ ಇದೆಲ್ಲ ಗೊತ್ತಿಲ್ಲದ ವಿಚಾರವೇನಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆ ಬಂದು ಜಾರಿಯಾಗಿದ್ದು 1993ರ ಏಪ್ರಿಲ್ 24ಕ್ಕೆ. ಅದಕ್ಕೂ ಮುಂಚೆಯೇ, ರಾಮಕೃಷ್ಣ ಹೆಗಡೆಯವರ ಸರ್ಕಾರ ಇದ್ದಾಗ, 1983ರ ಕಾಯ್ದೆ ತಂದು 1987ರಲ್ಲಿ ಚುನಾವಣೆ ನಡೆಸಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟರು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು ಕೊಟ್ಟಿದ್ದೂ ಆಗಲೇ. ಇದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತಲೇ ಕರೆದರು. ಅವರು ಕೊರೆಸಿದ ಕೈಪಂಪುಗಳಲ್ಲಿ ಎಷ್ಟೋ ಇವತ್ತು ಒಣಗಿ ನಿಂತಿವೆ, ಆದರೆ ಅದು ಅವರ ತಪ್ಪಲ್ಲ. ಅವರು ಅಧಿಕಾರವನ್ನು ಕೆಳಗೆ ಇಳಿಸೋಕೆ ಹೊರಟಿದ್ದರು, 1988ರಲ್ಲಿ ತೀರಿಕೊಂಡರು. ಆಮೇಲೆ ಬಂದ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ಸ್ವಲ್ಪ ಸ್ವಲ್ಪವಾಗಿ ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಂಡವು. 2014ರಲ್ಲಿ ಪಂಚಾಯತ್ ರಾಜ್ ಕಾಯ್ದೆ ಪರಿಶೀಲಿಸೋಕೆ ರಮೇಶ್ ಕುಮಾರ್ ಸಮಿತಿ ಕೂತಿತು, ಅದರ ನಂತರ ಆ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು, ಗ್ರಾಮ ಸ್ವರಾಜ್ ಅಂತ ಹೆಸರೂ ಸೇರಿತು. ಹೆಸರು ಚೆನ್ನಾಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು, ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ನಡೆಸಿದರು. ಇದರ ಬಗ್ಗೆ ಯಾವ ಊರಿನಲ್ಲೂ ದೊಡ್ಡ ಗಲಾಟೆ ಆಗಲಿಲ್ಲ ಅನ್ನೋದು ನನಗೆ ಹೆಚ್ಚು ಯೋಚನೆಗೆ ಹಚ್ಚುತ್ತದೆ.

ಈಗ ಕಾಗದದ ಕಡೆ ಬರೋಣ. 2015ರಲ್ಲಿ ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿಗೆ 17 ಗುರಿ, 169 ಉಪಗುರಿ ಇಟ್ಟಿತು. ಹಳ್ಳಿಗೆ ಅಷ್ಟೆಲ್ಲ ಯಾಕೆ ಅಂತ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಅವನ್ನು 9 ವಿಷಯಗಳಾಗಿ ಕಟ್ಟಿತು. ಬಡತನ ಇಲ್ಲದ ಹಳ್ಳಿ, ಆರೋಗ್ಯವಂತ ಹಳ್ಳಿ, ಮಕ್ಕಳ ಸ್ನೇಹಿ ಹಳ್ಳಿ, ಸಾಕಷ್ಟು ನೀರಿರುವ ಹಳ್ಳಿ, ಸ್ವಚ್ಛ ಮತ್ತು ಹಸಿರು ಹಳ್ಳಿ, ಹೀಗೆ. ಇದು ಒಳ್ಳೆಯ ಕೆಲಸವೇ. ಆದರೆ ಅಳೆಯುವುದಕ್ಕೆ ಇಟ್ಟ ಸೂಚ್ಯಂಕಗಳು 435. 2025ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ 2.16 ಲಕ್ಷ ಪಂಚಾಯಿತಿಗಳ ಅಂಕಪಟ್ಟಿ ಬಂತು. ಅತಿ ಮೇಲಿನ ದರ್ಜೆಗೆ ಒಂದು ಪಂಚಾಯಿತಿಯೂ ಏರಿರಲಿಲ್ಲ. ಹೆಚ್ಚಿನವು ಬಿದ್ದಿದ್ದು ಕೊನೆಯಿಂದ ಎರಡನೇ ದರ್ಜೆಗೆ. ಇದನ್ನು ಪಂಚಾಯಿತಿಗಳ ಸೋಲು ಅಂತ ಓದಬಹುದು. ನಾನು ಓದೋದು ಬೇರೆ ಥರ. ಪರೀಕ್ಷೆಯಲ್ಲಿ ಕೇಳಿದ ಎಷ್ಟೋ ವಿಷಯಗಳು ಪಂಚಾಯಿತಿಯ ಕೈಯಲ್ಲೇ ಇಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಮೇಷ್ಟ್ರು, ಕೃಷಿ ಸಹಾಯಕ, ಯಾರೂ ಪಂಚಾಯಿತಿಗೆ ಉತ್ತರ ಕೊಡಬೇಕಾದವರಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಅವುಗಳಲ್ಲಿ ಪಂಚಾಯಿತಿಗೆ ವಿಷಯ, ದುಡ್ಡು, ಸಿಬ್ಬಂದಿ ಮೂರೂ ಒಟ್ಟಿಗೆ ಕೊಟ್ಟಿದ್ದು ತೀರಾ ಕಡಿಮೆ.

ಇಂಥ ಅಂಕಪಟ್ಟಿಯ ಅಪಾಯ ಇನ್ನೊಂದಿದೆ. ತುಂಬಲೇಬೇಕು ಅಂದಾಗ ತುಂಬುತ್ತಾರೆ. ಜೀವವೈವಿಧ್ಯ ಕಾಯ್ದೆ ಬಂದಿದ್ದು 2002ರಲ್ಲಿ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ನಾಟಿ ತಳಿ, ನಾಟಿ ಔಷಧಿ ಎಲ್ಲ ದಾಖಲಿಸಿದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ವರ್ಷಗಟ್ಟಲೆ ಆಗಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯ ಗಡುವು ಕೊಟ್ಟು, ಆಮೇಲೆ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕಾಗುತ್ತದೆ ಅಂತ ರಾಜ್ಯಗಳಿಗೆ ಹೇಳಿದ್ದೇ ತಡ, ದೇಶದ ಉದ್ದಗಲಕ್ಕೂ ಪುಸ್ತಕಗಳು ಮಳೆಗಾಲದ ಅಣಬೆ ಥರ ಎದ್ದವು. ಯಾವ ಅಜ್ಜಿಯ ಹತ್ತಿರ ಯಾವ ರಾಗಿ ತಳಿಯ ಬೀಜ ಉಳಿದಿದೆ ಅಂತ ಕೇಳಿಕೊಂಡು ಬರೆದ ಪುಸ್ತಕಗಳೂ ಇವೆ, ಅಂಥವನ್ನು ಓದೋದೇ ಒಂದು ಖುಷಿ. ಅವಸರದಲ್ಲಿ ಒಂದು ಊರಿನದ್ದನ್ನೇ ಇನ್ನೊಂದು ಊರಿನ ಹೆಸರಲ್ಲಿ ಬರೆದಂತೆ ಕಾಣುವ ಪುಸ್ತಕಗಳೂ ಇವೆ.

ಗ್ರಾಮ ಸಭೆಗೆ ಜನ ಬರಲ್ಲ ಅನ್ನೋದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಖಾಯಂ ದೂರು. ಬರುತ್ತಾರೆ ಸ್ವಾಮಿ. ಮನೆ ಮಂಜೂರಿನ ಪಟ್ಟಿ ಇದೆ ಅಂದರೆ ಕುರ್ಚಿ ಸಾಕಾಗಲ್ಲ. ಪಟ್ಟಿ ಓದಿ ಮುಗಿದ ತಕ್ಷಣ ಎದ್ದು ಹೋಗುತ್ತಾರೆ. ಇದಕ್ಕೆ ಜನರನ್ನು ಬೈದು ಏನು ಪ್ರಯೋಜನ? ಸಭೆಯಲ್ಲಿ ನಿಜವಾಗಿ ನಿರ್ಧಾರ ಆಗೋದು ಮನೆ ಪಟ್ಟಿಯೊಂದೇ ಅಂತ ಅವರಿಗೆ ಗೊತ್ತು. ಕ್ರಿಯಾ ಯೋಜನೆ ಆಗಲೇ ತಯಾರಾಗಿದೆ, ಯಾವ ವಾರ್ಡಿಗೆ ಎಷ್ಟು ಲಕ್ಷ ಅಂತ ಸದಸ್ಯರು ಹಂಚಿಕೊಂಡಾಗಿದೆ. ವಾರ್ಡಿಗೆ ಸಮನಾಗಿ ಹಂಚುವ ಈ ಪದ್ಧತಿ ನೋಡೋಕೆ ನ್ಯಾಯ ಅನಿಸುತ್ತದೆ. ಆದರೆ ಪ್ರತಿ ವಾರ್ಡಿಗೂ ಎರಡು ಮೂರು ಲಕ್ಷ ಬಂದರೆ ಆಗುವುದು ತುಂಡು ಚರಂಡಿ, ತುಂಡು ರಸ್ತೆ. ಇಡೀ ಊರಿನ ಬಚ್ಚಲು ನೀರಿಗೆ ಒಂದು ವ್ಯವಸ್ಥೆ, ಕೆರೆಯ ಕಾಲುವೆ, ಸ್ಮಶಾನ, ಗೋಮಾಳ, ಇವೆಲ್ಲ ಯಾವ ವಾರ್ಡಿಗೂ ಸೇರಿಲ್ಲ. ಊರಿಗೆ ಸೇರಿದ್ದಕ್ಕೆ ಕೇಳುವವರು ಇಲ್ಲ.

ಅಧ್ಯಕ್ಷರ ಅವಧಿ 30 ತಿಂಗಳು. ಮೊದಲ ಆರು ತಿಂಗಳು ಕಲಿಯೋಕೆ, ಕೊನೆಯ ಆರು ತಿಂಗಳು ಅವಿಶ್ವಾಸದ ಭಯಕ್ಕೆ ಅಂತ ಹಿಡಿದರೂ ನಡುವೆ ಉಳಿಯೋದು ಒಂದೂವರೆ ವರ್ಷ. ಅಷ್ಟರಲ್ಲಿ ಗಿಡ ನೆಟ್ಟು ಮರ ಮಾಡೋಕಾಗಲ್ಲ, ರಸ್ತೆಗೆ ಕಾಂಕ್ರೀಟ್ ಹಾಕಬಹುದು. ಅರ್ಧದಷ್ಟು ಸೀಟು ಹೆಂಗಸರಿಗೆ ಇದೆ. ಅಧ್ಯಕ್ಷೆಯ ಗಂಡನೇ ಕುರ್ಚಿ ಪಕ್ಕ ಕೂತು ಮಾತಾಡುವ ಊರುಗಳು ಇನ್ನೂ ಇವೆ. ಆದರೆ ಎರಡನೇ ಸಲ ಗೆದ್ದು ಬಂದ ಹೆಂಗಸರು ನೀರು, ಅಂಗನವಾಡಿ, ಶೌಚಾಲಯದ ಬಗ್ಗೆ ಸಭೆಯಲ್ಲಿ ಕೇಳುವ ಪ್ರಶ್ನೆಗಳ ಮೊನೆಯೇ ಬೇರೆ. ಬಿಲ್ ಎಷ್ಟಾಯಿತು ಅನ್ನೋದಕ್ಕಿಂತ ಮುಂಚೆ, ಈಗ ಓಡುತ್ತಿದೆಯಾ ಅಂತ ಕೇಳುತ್ತಾರೆ.

ಕಸದಲ್ಲಿ ಮಾತ್ರ ನನಗೆ ಸ್ವಲ್ಪ ಆಶೆ ಕಾಣುತ್ತದೆ. ಒಣ ಕಸಕ್ಕೆ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಶೆಡ್‌ಗಳಾದವು. ಅವೂ ಕಟ್ಟಡಗಳೇ. ಆದರೆ ಇಲ್ಲಿ ಕಟ್ಟಿದ ಮೇಲೆ ನಡೆಸುವವರು ಯಾರು ಅಂತ ಮೊದಲೇ ಯೋಚಿಸಿದರು. ಸ್ವಸಹಾಯ ಸಂಘದ ಹೆಂಗಸರಿಗೆ ಒಪ್ಪಂದ ಮಾಡಿ ಕೊಟ್ಟರು, ಅವರಿಗೇ ಡ್ರೈವಿಂಗ್ ಕಲಿಸಿ ಕಸದ ಗಾಡಿಯ ಸ್ಟೇರಿಂಗ್ ಕೊಟ್ಟರು. ಕರಾವಳಿಯಲ್ಲಿ ಇದು ಇನ್ನೂ ಮುಂದೆ ಹೋಗಿ, ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಟ್ಟಿಗೆ ವಿಂಗಡಿಸುವ ಘಟಕವೇ ಆಯಿತು. ಕಷ್ಟ ಇಲ್ಲ ಅಂತ ಅಲ್ಲ. ಹಾಲಿನ ಕವರ್, ಬಾಟಲಿ ಮಾರಾಟ ಆಗುತ್ತದೆ, ಗುಟ್ಕಾ ಪ್ಯಾಕೆಟ್, ಚಿಪ್ಸ್ ಕವರ್, ಡೈಪರ್ ಯಾರಿಗೂ ಬೇಡ. ಅವನ್ನು ತಯಾರಿಸಿ ಹಳ್ಳಿಗೆ ಕಳಿಸುವ ಕಂಪನಿ ಲಾಭ ಎಣಿಸುತ್ತದೆ, ವಿಂಗಡಿಸುವ ಕೂಲಿಯನ್ನು ಪಂಚಾಯಿತಿ ಹುಡುಕಬೇಕು. ತಿಂಗಳ ಶುಲ್ಕ ಕೇಳಿದರೆ "ಕಸಕ್ಕೂ ದುಡ್ಡು ಕೊಡಬೇಕೇನಮ್ಮ?" ಅಂತ ಬಾಗಿಲಲ್ಲೇ ಜಗಳ. ಆದರೂ ಹೆಂಗಸರು ಗಾಡಿ ಓಡಿಸಿಕೊಂಡು ಬರುತ್ತಿದ್ದಾರೆ.

ಶುಲ್ಕದ ವಿಷಯಕ್ಕೆ ಬಂದೆವಲ್ಲ, ಕೊನೆಗೆ ನಿಲ್ಲಬೇಕಾದದ್ದೂ ಅಲ್ಲೇ. ಸ್ವಂತ ವರಮಾನ ಇಲ್ಲದ ಪಂಚಾಯಿತಿ ಯಾವುದನ್ನೂ ಕಾಯಲಾರದು. ತಮಿಳುನಾಡಿನ ಓಡಂತುರೈ ಪಂಚಾಯಿತಿ 2006ರಲ್ಲಿ ತನ್ನ ಉಳಿತಾಯಕ್ಕೆ ಬ್ಯಾಂಕ್ ಸಾಲ ಸೇರಿಸಿ, ಸುಮಾರು ಒಂದೂವರೆ ಕೋಟಿ ರೂಪಾಯಿಯ 350 ಕಿಲೋವ್ಯಾಟ್ ಗಾಳಿಯಂತ್ರ ಕೊಂಡಿತು. ಊರಿಗೆ ಬೇಕಾದಷ್ಟು ಕರೆಂಟು ಹೋಗಿ ಉಳಿದದ್ದನ್ನು ವಿದ್ಯುತ್ ಮಂಡಳಿಗೆ ಮಾರಿತು. ಎಲ್ಲ ಊರಲ್ಲೂ ಗಾಳಿ ಬೀಸುವುದಿಲ್ಲ, ಎಲ್ಲ ಪಂಚಾಯಿತಿಗೂ ಬ್ಯಾಂಕ್ ಸಾಲ ಸಿಗುವುದಿಲ್ಲ. ಆದರೆ ಮನೆ ಕಂದಾಯ ಮತ್ತು ನೀರಿನ ಶುಲ್ಕ ಎಲ್ಲ ಊರಲ್ಲೂ ಇದೆ. ಬೆಂಗಳೂರಿನ ಸುತ್ತ ಮುತ್ತ ಇರುವ ಪಂಚಾಯಿತಿಗಳಿಗೆ ಕಂದಾಯದ ಕೊರತೆ ಇಲ್ಲ, ಅಲ್ಲಿನ ಸಮಸ್ಯೆ ಲೇಔಟ್‌ಗಳದ್ದು, ರಾಜಕಾಲುವೆ ಮೇಲೆ ಎದ್ದ ಸೈಟ್‌ಗಳದ್ದು, ಅದು ಬೇರೆಯೇ ದೊಡ್ಡ ಕಥೆ. ಮಿಕ್ಕ ಕಡೆ ಬಿಲ್ ಕಲೆಕ್ಟರ್ ಬಾಗಿಲಿಗೆ ಬಂದರೆ ಮುಂದಿನ ತಿಂಗಳು ಬಾ ಅನ್ನುವುದೇ ರೂಢಿ.

ನಾನು ನಲ್ಲಿಗೆ ಮೀಟರ್ ಬೇಕು ಅನ್ನುವ ಕಡೆಯವನು. ಹೀಗಂದಾಗಲೆಲ್ಲ ಊರಿನ ಗೆಳೆಯರು ನನ್ನ ಮೇಲೆ ಬೀಳುತ್ತಾರೆ. ಬಡವರ ನೀರಿಗೆ ಬೆಲೆ ಕಟ್ಟುತ್ತೀಯಾ ಅಂತ. ಪ್ರತಿ ಮನೆಗೆ, ಒಬ್ಬರಿಗೆ 55 ಲೀಟರ್ ಲೆಕ್ಕದಲ್ಲಿ, ಬೇಕಾದ ನೀರು ಪೂರ್ತಿ ಉಚಿತ ಇರಲಿ ಅಂತಲೇ ನಾನೂ ಹೇಳುವುದು. ಅದಕ್ಕಿಂತ ಮೇಲೆ ನಲ್ಲಿಗೆ ಮೋಟಾರ್ ಹಾಕಿ ಅಂಗಳದ ತೆಂಗಿಗೆ, ಕಾರು ತೊಳೆಯೋಕೆ ಎಳೆಯುವ ಮನೆಯವರು ಲೀಟರ್ ಲೆಕ್ಕದಲ್ಲಿ ಕೊಡಲಿ. ಆ ದುಡ್ಡು ಬೇರೆ ಖಾತೆಯಲ್ಲಿ ಇರಲಿ, ವಾಟರ್‌ಮನ್ ಸಂಬಳಕ್ಕೂ ರಿಪೇರಿಗೂ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟದಿರಲಿ, ತಿಂಗಳ ಲೆಕ್ಕವನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಲಿ. ಗೆಳೆಯರ ಎದುರು ವಾದವೂ ಗಟ್ಟಿಯೇ ಇದೆ. ಮೀಟರ್ ಹಾಕಿದ ಮೇಲೆ ಆ ಉಚಿತ ಮಿತಿಯನ್ನು ನಾಳೆ ಯಾರೋ ಮೇಲೆ ಕೂತವರು ಇಳಿಸಿದರೆ? ಬಿಲ್ ಕಟ್ಟದ ಕೂಲಿ ಮನೆಯ ನಲ್ಲಿ ಮೊದಲು ಕಟ್ ಆಗಿ, ಗೌಡರ ಮನೆಯ ಬಾಕಿ ಹಾಗೇ ಉಳಿದರೆ? ಆಗಬಹುದು. ನಮ್ಮ ಊರುಗಳನ್ನು ಬಲ್ಲವರು ಆಗಲ್ಲ ಅಂತ ಹೇಳಲಾರರು. ಅದಕ್ಕೇ ನನ್ನ ಷರತ್ತು ಇನ್ನೊಂದು: ದರ ಎಷ್ಟು, ಯಾರ ನಲ್ಲಿ ಯಾವಾಗ ಕಟ್ ಅನ್ನೋದು ಬೆಂಗಳೂರಿನ ಸುತ್ತೋಲೆಯಲ್ಲಿ ಬರಬಾರದು, ಗ್ರಾಮ ಸಭೆಯಲ್ಲಿ ಎಲ್ಲರೆದುರು ತೀರ್ಮಾನ ಆಗಬೇಕು, ಬಾಕಿ ಪಟ್ಟಿಯನ್ನು ದೊಡ್ಡ ಮೊತ್ತದಿಂದ ಶುರು ಮಾಡಿ ಓದಬೇಕು. ಆ ಪಟ್ಟಿ ಓದುವ ದಿನವಾದರೂ ಕುರ್ಚಿಗಳು ಸಾಕಾಗುವುದಿಲ್ಲ ಅನ್ನೋದು ನನ್ನ ಅಂದಾಜು.